ಕೊಡೆಯಕ್ಕನ ಸೂರು ಸೋರುವುದಿಲ್ಲ

ನಮ್ಮ ಬೀದಿಯಲ್ಲಿ ಮಳೆಗಾಲ ಬಂತೆಂದು ತಿಳಿಯಲು ಆಕಾಶ ನೋಡಬೇಕಾಗಿಲ್ಲ, ನನ್ನ ಓರಗಿತ್ತಿಯ ಬಾಗಿಲು ನೋಡಿದರೆ ಸಾಕು. ಒಂದೊಂದೇ ಕೊಡೆ ಬಂದು ಅವಳ ಜಗಲಿಗೆ ಒರಗತೊಡಗುತ್ತದೆ. ಕಡ್ಡಿ ಮುರಿದದ್ದು, ಬಟ್ಟೆ ಹರಿದದ್ದು, ಗುಂಡಿ ಒತ್ತಿದರೂ ಬಿಚ್ಚದೆ ಮುನಿಸಿಕೊಂಡದ್ದು. ಕೊಡೆಯ ಹಿಂದೆ ಕೊಡೆಯವರು ಬರುತ್ತಾರೆ, ಅವರ ಹಿಂದೆ ಮಾತು, ಮಾತಿನ ಹಿಂದೆ ನಗು. ಆ ನಗುವೆಲ್ಲ ಗೋಡೆ ದಾಟಿ ನನ್ನ ನಡುಮನೆಗೆ ಬರುತ್ತದೆ. ಕೇಳಿಸಿಕೊಳ್ಳುವುದಕ್ಕೆ ನಾನು, ನಕ್ಕು ಹಗುರಾಗುವುದಕ್ಕೆ ಅವಳು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಬೀದಿಗೆಲ್ಲ ಕೊಡೆಯಕ್ಕ. ನನಗೆ ಬೀದಿಯವರು ಹೆಸರೇ ಇಟ್ಟಿಲ್ಲ. ಯಾರಾದರೂ ವಿಳಾಸ ಕೇಳಿದರೆ, "ಕೊಡೆಯಕ್ಕನ ಮನೆ ಇದೆಯಲ್ಲ, ಅದರ ಪಕ್ಕದವರು" ಎನ್ನುತ್ತಾರೆ. ಮನೆ ಒಂದೇ, ಸೂರು ಒಂದೇ, ನಡುವೆ ಒಂದು ಗೋಡೆ. ಆದರೂ ಅವಳದು ಮನೆ, ನನ್ನದು ಪಕ್ಕ.

ನಾನು ಸೊಸೆಯಾಗಿ ಬಂದಾಗ ಅವಳು ಆಗಲೇ ಬಂದು ಬೇರು ಬಿಟ್ಟಿದ್ದಳು. ಅತ್ತೆಗೆ ಅವಳನ್ನು ನೋಡಲು ಎರಡು ಕಣ್ಣು ಸಾಲುತ್ತಿರಲಿಲ್ಲ. ಅವಳು ಒಲೆಯ ಮುಂದೆ ನಿಂತರೆ ಹಾಲು ಉಕ್ಕುತ್ತಿರಲಿಲ್ಲ. ನಾನು ನಿಂತರೆ, ನಾನು ಪಾತ್ರೆಯ ಮೇಲೆ ಕಣ್ಣು ನೆಟ್ಟುಕೊಂಡು ನಿಂತಿದ್ದರೂ, ಉಕ್ಕಿ ಒಲೆ ಆರಿಸುತ್ತಿತ್ತು. "ದೊಡ್ಡವಳನ್ನ ನೋಡಿ ಕಲಿ" ಎಂದು ಅತ್ತೆ ಹೇಳಿದ್ದು ಎಷ್ಟು ಸಲವೋ. ನೋಡಿದೆ. ಚೆನ್ನಾಗಿಯೇ ನೋಡಿದೆ. ಅವಳ ಜಡೆ ಮೊಣಕಾಲಿಗೆ ಬರುತ್ತಿತ್ತು, ನನ್ನದು ಇಲಿಬಾಲ. ಅವಳು ಸೀರೆ ಉಟ್ಟರೆ ನೆರಿಗೆ ಹೇಳಿದ ಮಾತು ಕೇಳುತ್ತಿತ್ತು. ಇವತ್ತಿಗೂ ಅವಳ ತಲೆಯಲ್ಲಿ ಕರಿಕೂದಲು ಹುಡುಕದೆಯೇ ಸಿಗುತ್ತದೆ. ನನ್ನ ತಲೆಯಲ್ಲಿ ಕೂದಲನ್ನೇ ಹುಡುಕಬೇಕು.

ನನ್ನ ಭಾವ ಕೊಡೆ ರಿಪೇರಿ ಮಾಡುತ್ತಿದ್ದರು. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ನನ್ನವರು ನೀರಿನ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದರು. ಅಣ್ಣ ಬಿಡಿಸಿಟ್ಟ ಕೊಡೆಗಳು ಅಂಗಳವೆಲ್ಲ ಹರಡಿಕೊಂಡು, ನನ್ನವರ ಸಮವಸ್ತ್ರ ಒಣಹಾಕಲು ಜಾಗವಿಲ್ಲ ಎಂದು ಒಂದು ಬೆಳಿಗ್ಗೆ ಮಾತು ಶುರುವಾಯಿತು. ಸಂಜೆಯ ಹೊತ್ತಿಗೆ ಮನೆ ಎರಡಾಗಿತ್ತು. ನನಗೇನೂ ಬೇಸರವಾಗಲಿಲ್ಲ. ನನ್ನದೇ ಒಲೆ, ನನ್ನದೇ ಹಾಲು. ಉಕ್ಕಿದರೆ ಕೇಳುವವರಾರು?

ಭಾವ ದೊಡ್ಡ ಮನಸ್ಸು ಮಾಡಿ, "ಯಾವ ಕಡೆ ಬೇಕೋ ನೀನೇ ಆರಿಸ್ಕೊಳ್ಳೋ" ಎಂದು ತಮ್ಮನಿಗೆ ಬಿಟ್ಟರು. ಇವರು ದೊಡ್ಡ ಅಡುಗೆಮನೆ ಇದ್ದ ಕಡೆಯನ್ನು ಆರಿಸಿದರು. ನಾವು ಬಿಟ್ಟ ಕಡೆ ಅವಳ ಪಾಲಿಗೆ ಬಂತು. ಆಮೇಲೆ ನೋಡಿದರೆ ಬೆಳಗಿನ ಬಿಸಿಲು ಅಲ್ಲಿಗೆ, ಬಸ್ಸು ನಿಲ್ಲುವುದು ಅಲ್ಲಿ, ನಲ್ಲಿಯಲ್ಲಿ ನೀರು ಮೊದಲು ಬರುವುದೂ ಅಲ್ಲಿಗೆ! ಪಂಪ್‌ಹೌಸಿನವನ ಮನೆಗೆ ನೀರು ಎರಡನೆಯದು. ಎಂಜಲೆಂದು ನಾವು ಬಿಟ್ಟದ್ದೂ ಅವಳ ಕೈ ಸೇರಿದರೆ ಚಿನ್ನ.

ನಡುವಿನ ಗೋಡೆಯನ್ನು ಅಣ್ಣತಮ್ಮಂದಿರು ತಾವೇ ಎಬ್ಬಿಸಿದರು. ಸಿಟ್ಟಿನಲ್ಲಿ ಕಟ್ಟಿದ ಗೋಡೆ. ಪಾಯ ತೆಗೆಯುವಷ್ಟು ತಾಳ್ಮೆ ಇಬ್ಬರಿಗೂ ಇರಲಿಲ್ಲ. ನೆಲದ ಮೇಲೆಯೇ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿಕೊಂಡು ಹೋಗಿ ತೊಲೆಗೆ ಮುಟ್ಟಿಸಿದರು. ಗೋಡೆ ಅಲ್ಲಿಗೆ ನಿಂತಿತು. ಅದರ ಮೇಲೆ, ಮನೆಯ ಈ ತುದಿಯಿಂದ ಆ ತುದಿಗೆ ಹಾಯುವ ಒಂದೇ ನಡುತೊಲೆ, ಅದರ ಮೇಲೆ ಒಂದೇ ಹೆಂಚಿನ ಮಾಡು. ಮಾಡನ್ನು ಕತ್ತರಿಸುವುದು ಹೇಗೆ? ಗೋಡೆಯ ನೆತ್ತಿಗೆ ಸರಿಯಾಗಿ ಬರುವ ಹೆಂಚಿನ ಸಾಲು ಅರ್ಧ ಅವರಿಗೆ, ಅರ್ಧ ನಮಗೆ. ಅದಕ್ಕೆ ನನ್ನವರು 'ಗಡಿಸಾಲು' ಎಂದು ಹೆಸರಿಟ್ಟರು. ಗಡಿಸಾಲಿನಲ್ಲಿ ಒಂದು ಹೆಂಚು ಒಡೆದಾಗ, ಅವರು ಹಾಕಿಸಲಿ ಎಂದು ನಾವೆಂದೆವು. ನಾವು ಹಾಕಿಸಲಿ ಎಂದು ಅವರೆಂದರು. ಹಾಕಿಸಿದವರು ಸೋತಂತೆ ಎಂದು ಇಬ್ಬರೂ ತಿಳಿದಿದ್ದರು. ಆ ಸಾಲಿಗೆ ಆವತ್ತಿನಿಂದ ಯಾರ ಕೈಯೂ ತಾಗಲಿಲ್ಲ.

ಭಾವ ಮೊದಲು ಹೋದರು. ಬೀದಿಗೆ ಬೀದಿಯೇ ಬಂದು ನಿಂತಿತ್ತು. ಕೆಲವು ವರ್ಷಕ್ಕೆ ನನ್ನವರು ಹೋದರು. ಜಡಿಮಳೆ ಹಿಡಿದಿತ್ತು, ಬಂದವರು ಕಡಿಮೆ. ಬಂದವರು ಹಿಡಿದು ಬಂದ ಕೊಡೆಗಳೂ ಅವಳು ರಿಪೇರಿ ಮಾಡಿಕೊಟ್ಟವೇ. ಆ ಸಂಕಟದಲ್ಲೂ ಅದು ನನ್ನ ಕಣ್ಣಿಗೆ ಬಿತ್ತು ನೋಡಿ.

ಭಾವ ಹೋದ ಮೇಲೆ ಅಂಗಡಿ ಮುಚ್ಚುತ್ತಾಳೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅವಳು ಒಂದು ಬೆಳಿಗ್ಗೆ ಗಂಡನ ಸ್ಟೂಲು ಎಳೆದುಕೊಂಡು ಕೂತಳು, ಇಕ್ಕಳ ಕೈಗೆತ್ತಿಕೊಂಡಳು. ಯಾರೂ ಕಲಿಸಿರಲಿಲ್ಲ. ಗಂಡನನ್ನು ಊಟಕ್ಕೆ ಕರೆಯಲು ಬಂದು ಬಾಗಿಲಲ್ಲಿ ನಿಂತಿರುತ್ತಿದ್ದಳಲ್ಲ, ಆಗ ನೋಡಿದ್ದಷ್ಟೇ. ಕೊಡೆಗಳ ಜೊತೆ ಮಾತಾಡುತ್ತಾಳೆ. "ಏನಪ್ಪ, ಮತ್ತೆ ಮೂಳೆ ಮುರ್ಕೊಂಡ್ಯಾ? ಗಾಳಿ ಜೊತೆ ಜಗಳಕ್ಕೆ ಹೋಗ್ಬೇಡ ಅಂತ ಹೋದ ವರ್ಷವೇ ಹೇಳಿರಲಿಲ್ವಾ?" ಎನ್ನುತ್ತ ತಂತಿ ಸುತ್ತುತ್ತಾಳೆ. ಕೊಡೆ ತಂದವರು ಇನ್ನೊಂದು ಗಳಿಗೆ ಕೂರುತ್ತಾರೆ. ಬ್ಯಾಂಕಿನ ಗುಮಾಸ್ತ ಕೂರುತ್ತಾನೆ, ಶಾಲೆಯ ಮೇಷ್ಟ್ರು ಕೂರುತ್ತಾರೆ. ಪೋಸ್ಟಿನವನಂತೂ ಬೇಸಿಗೆಯಲ್ಲೂ ಕೊಡೆ ಕೆಡಿಸಿಕೊಂಡು ಬರುತ್ತಾನೆ. ನನ್ನ ಬಾಗಿಲಿಗೆ ಬರುವವನು ಮೀಟರು ನೋಡುವವನೊಬ್ಬ. ಅವನೂ ಮೀಟರು ನೋಡಿದವನೇ ಆ ಕಡೆಗೆ ಹೋಗುತ್ತಾನೆ.

ಇವೆಲ್ಲ ನುಂಗಿಕೊಂಡೆ. ನುಂಗಲಾರದ್ದು ಒಂದೇ. ಅವಳ ಸೂರು ಸೋರುತ್ತಿರಲಿಲ್ಲ.

ನನ್ನ ನಡುಮನೆ ಸೋರಲು ಶುರುವಾಗಿ ಎಷ್ಟೋ ಮಳೆಗಾಲವಾಗಿತ್ತು. ಮೊದಲು ಗೋಡೆಯ ಮಗ್ಗುಲಲ್ಲಿ ಒಂದು ಕಡೆ, ಆಮೇಲೆ ಬೀರುವಿನ ಮುಂದೆ, ಆಮೇಲೆ ನನ್ನ ಹಾಸಿಗೆಯ ಕಾಲ್ದೆಸೆಗೆ. ಬಕೆಟ್ಟು, ಬೋಗುಣಿ, ಸೊಟ್ಟಮೋರೆಯ ಹಳೇ ಪಾತ್ರೆ ಎಲ್ಲ ಇಟ್ಟೆ. ಸದ್ದು ಮಾತ್ರ ತಡೆಯಲಾಗಲಿಲ್ಲ. ಟಪ್, ಟಣ್, ಟಪ್. ಈ ಸದ್ದು ಗೋಡೆಯಾಚೆ ಕೇಳಿದರೆ? ಅವಳ ಕಿವಿ ಮೊದಲೇ ಬಲು ಚುರುಕು. 'ಪಾಪ, ಅವಳ ಮನೆ ಸೋರ್ತಿದೆ' ಎಂದು ಅಂಗಡಿಯಲ್ಲಿ ಕೂತವರಿಗೆ ಹೇಳಿದರೆ? ಆ 'ಪಾಪ' ಒಂದನ್ನು ನಾನು ಅವಳ ಬಾಯಿಂದ ಕೇಳಲಾರೆ. ಹಳೇ ಸೀರೆ ಹರಿದು ಮಡಿಸಿ ಪ್ರತಿ ಪಾತ್ರೆಯ ತಳಕ್ಕೂ ಹಾಸಿದೆ. ಹನಿ ಬಟ್ಟೆಯ ಮೇಲೆ ಬಿತ್ತು, ಸದ್ದು ಅಡಗಿತು.

ಆಮೇಲೆ ನಾನು ಗೋಡೆಗೆ ಕಿವಿ ಕೊಟ್ಟೆ. ಅವಳ ಕಡೆ ಎಂಥ ಮಳೆಯಲ್ಲೂ ಒಂದು ಟಪ್ ಇಲ್ಲ, ಒಂದು ಟಣ್ ಇಲ್ಲ. ಅದೇ ಮಾಡು, ಅದೇ ಹೆಂಚು. ಮಳೆಗೂ ಮುಖ ನೋಡಿ ಮಣೆ ಹಾಕುವ ಬುದ್ಧಿಯೇ ಎಂದು ಹೊಟ್ಟೆ ಉರಿಯಿತು.

ಹೋದ ಮಳೆಗಾಲ ಆಲಿಕಲ್ಲಿನಿಂದಲೇ ಶುರುವಾಯಿತು. ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಮೇಲೆ ಯಾರೋ ಜಲ್ಲಿ ಸುರಿದ ಹಾಗಾಯಿತು. ಅದು ನಿಂತ ಮೇಲೆ ತೊಲೆಯ ಸಂದಿಯಿಂದ ಒಂದು ಮುಷ್ಟಿ ಗಾತ್ರದ ಮರದ ಹುಡಿ, ಅದರ ಜೊತೆ ಗಾರೆಯ ಹೆಂಟೆ, ತಟ್ಟೆಯ ಪಕ್ಕಕ್ಕೆ ಬಿತ್ತು. ನಾನೊಬ್ಬಳೇ ಇದ್ದಿದ್ದರೆ ಗುಡಿಸಿ ಹಾಕಿ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಆದರೆ ನನ್ನ ಎದುರು ಮಗಳು ಕೂತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ನನ್ನನ್ನು ನೋಡಲು ಬರುತ್ತಾಳೆ.

"ಅಮ್ಮ, ಸಾಕು. ನಡಿ ನಮ್ಮನೆಗೆ" ಎಂದಳು.

"ಯಾಕೇ? ಒಂದು ಚೂರು ಹುಡಿ ಬಿದ್ರೆ ಮನೆ ಬಿಡ್ತಾರಾ? ನಿನ್ನ ತಲೆಯಿಂದ ಹೊಟ್ಟು ಉದುರಲ್ವಾ?"

"ಹೊಟ್ಟು ತಲೆ ಒಡೆಯಲ್ಲಮ್ಮ. ಈ ತೊಲೆ ಒಡೆಯುತ್ತೆ. ಒಂದೋ ಇದನ್ನ ಗಟ್ಟಿ ಮಾಡಿಸು, ಇಲ್ಲಾ ಮುಂದಿನ ಸಲ ನಾನು ಬಂದಾಗ ಬಾಗಿಲಿಗೆ ಬೀಗ ಹಾಕಿ ಕರ್ಕೊಂಡು ಹೋಗೋದೇ. ದಿನಾ ಡ್ಯೂಟಿಲಿ ತಲೆ ಒಡೆದವ್ರನ್ನ ನೋಡ್ತೀನಿ ನಾನು. ನಿನ್ನನ್ನ ಹಾಗೆ ನೋಡೋಕೆ ನನ್ನಿಂದ ಆಗಲ್ಲ."

ಕೊನೆಯ ಮಾತು ಹೇಳುತ್ತ ಅವಳು ಉಣ್ಣುತ್ತಿದ್ದ ತಟ್ಟೆಯನ್ನು ಅತ್ತ ಸರಿಸಿದಳು. ಅದು ಬೆದರಿಕೆಯಲ್ಲ, ನಿಜ ಎಂದು ನನಗೆ ಗೊತ್ತಾಯಿತು.

ಮಗಳ ಮನೆಯಲ್ಲಿ ಏನೂ ಕೊರತೆಯಿಲ್ಲ. ಲಿಫ್ಟಿದೆ, ಬಿಸಿನೀರಿದೆ, ಅಳಿಯ ಒಳ್ಳೆಯವನು. ಆದರೆ ಅಲ್ಲಿ ಅವಳ ಅತ್ತೆ ಇದ್ದಾರೆ. ಆ ಹೆಂಗಸಿನ ಹಲ್ಲು ಇನ್ನೂ ಒಂದೂ ಬಿದ್ದಿಲ್ಲ. ಹೊಟ್ಟೆಕಿಚ್ಚಿಗೂ ಒಂದು ವಯಸ್ಸು ಅಂತ ಇರುತ್ತದೆ. ಹೊಸಬರ ಮೇಲೆ ಮೊದಲಿಂದ ಶುರುಮಾಡುವ ತ್ರಾಣ ನನಗಿಲ್ಲ. ಅಲ್ಲದೆ ನಾನು ಹೊರಟುಹೋದರೆ ಬೀದಿಯವರು ಏನೆನ್ನುತ್ತಾರೆ? 'ಕೊಡೆಯಕ್ಕ ಗಟ್ಟಿಗಿತ್ತಿ, ಒಬ್ಬಳೇ ನಿಭಾಯಿಸಿದಳು. ಪಕ್ಕದವಳಿಗೆ ಆಗಲಿಲ್ಲ.' ಸತ್ತರೂ ಈ ಮನೆಯಲ್ಲೇ ಎಂದು ತೀರ್ಮಾನಿಸಿ ಹೆಂಚಿನವನಿಗೆ ಹೇಳಿಕಳಿಸಿದೆ.

ಹೆಂಚಿನವನನ್ನು ಎಲ್ಲರೂ ಬೆಕ್ಕಣ್ಣ ಎನ್ನುತ್ತಾರೆ. ಮಾಡಿನ ಮೇಲೆ ಅವನು ಓಡಾಡಿದರೆ ಕೆಳಗಿದ್ದವರಿಗೆ ಸದ್ದೇ ಕೇಳುವುದಿಲ್ಲ. ಏಣಿ ಹತ್ತಿ, ಎರಡು ಹೆಂಚು ಸರಿಸಿ, ತೊಲೆಗೆ ಸ್ಕ್ರೂಡ್ರೈವರು ಚುಚ್ಚಿದ. ಅದು ಹಿಡಿಯವರೆಗೂ ಒಳಗೆ ಹೋಯಿತು.

"ಅಮ್ಮ, ಇದು ತೊಲೆ ಅಲ್ಲ. ಬ್ರೆಡ್ಡು."

"ತಮಾಷೆ ಬೇಡ. ಏನು ಮಾಡ್ಬೇಕು ಹೇಳು."

"ಗೋಡೆ ಮೇಲಿನ ಆ ಸಾಲಿದೆಯಲ್ಲ, ಅಲ್ಲಿಂದ ನೀರು ಇಳಿದೂ ಇಳಿದೂ ತೊಲೆ ಕೊಳೆತಿದೆ. ಇಷ್ಟು ವರ್ಷ ಅಲ್ಲೊಂದು ಹೆಂಚು ಬದಲಾಯಿಸೋಕೆ ನಿಮಗೇನಾಗಿತ್ತು?"

"ಅದು ಗಡಿಸಾಲು" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ನಾನೂ ಹೋಗಲಿಲ್ಲ. "ನನ್ನ ಅರ್ಧ ಬದಲಾಯಿಸು" ಎಂದೆ.

"ಅರ್ಧ ಹಲ್ಲು ಕೀಳ್ತಾರೇನಮ್ಮ? ತೊಲೆ ಒಂದೇ. ತೆಗೆಯೋದಾದ್ರೆ ಪೂರ್ತಿ ತೆಗೀಬೇಕು. ಕೊಡೆಯಕ್ಕನ ಕಡೆಯ ಹೆಂಚೂ ಇಳಿಸ್ಬೇಕು. ಅವರನ್ನ ಒಂದು ಮಾತು ಕೇಳಿ."

"ಅವಳ ಕಡೆ ನೋಡಿದ್ದೀಯಾ? ಸೋರ್ತದಾ?"

"ನನ್ನ ಕೊಡೆ ಹಾಳಾದಾಗ ಹೋಗಿದ್ದೀನಿ ಅಷ್ಟೇ. ಮಾಡಿನ ಕೆಲಸಕ್ಕೆ ಯಾವತ್ತೂ ಕರೆದಿಲ್ಲ ಅವರು."

ಕರೆಯುವುದೇಕೆ? ಸೋರಿದರೆ ತಾನೆ? ಅವಳ ಮನೆ ನೆಟ್ಟಗಿರುವಾಗ ನಾನು ಹೋಗಿ, 'ಅಕ್ಕ, ನನ್ನದು ಕೊಳೆತಿದೆ, ನಿನ್ನ ಗಟ್ಟಿ ಸೂರು ಬಿಚ್ಚಿಸು' ಎಂದು ಕೈಜೋಡಿಸಿ ನಿಲ್ಲಬೇಕೇ? ಅವಳು ಒಪ್ಪಿಯೇ ಬಿಡುತ್ತಾಳೆ. ಅದೇ ಕಷ್ಟ. ಒಪ್ಪಿ, ನಕ್ಕು, ಚಹಾ ಕೊಟ್ಟು ಕಳಿಸುತ್ತಾಳೆ. ಆಮೇಲೆ ನಾನು ಸಾಯುವವರೆಗೆ ಅವಳ ಋಣದಲ್ಲಿ.

"ನೋಡೋಣ" ಎಂದು ಬೆಕ್ಕಣ್ಣನನ್ನು ಸಾಗಹಾಕಿದೆ. "ನೀವು ನೋಡ್ತಿರಿ, ತೊಲೆ ಕಾಯಲ್ಲ" ಎಂದು ಅವನು ಏಣಿ ಎತ್ತಿಕೊಂಡು ಹೋದ. ಹೋಗುವಾಗ ದಾರಿಯಲ್ಲಿ ಅವಳ ಜಗಲಿಯ ಮೇಲೆ ಕೂತು ಚಹಾ ಕುಡಿದು ಹೋದ. ನಾನು ಕಿಟಕಿಯಿಂದ ನೋಡಿದೆ.

ತೊಲೆ ಕಾಯಲಿಲ್ಲ. ಮಗಳು ಬರುವ ಹಿಂದಿನ ದಿನ ಮಧ್ಯಾಹ್ನ ಗಾಳಿ ಎದ್ದಿತು. ಬೀದಿಯ ಅಂಗಡಿಗಳ ತಗಡು ಬಡಿದಾಡತೊಡಗಿದವು. ಗಡಿಸಾಲಿನ ಹೆಂಚು ಒಂದರ ಹಿಂದೊಂದು ಎದ್ದು, ಜಾರಿ, ಅಂಗಳದಲ್ಲಿ ಪುಡಿಯಾದವು. ನಡುಮನೆಯ ಒಳಗೆ ಬೆಳಕು ಬಂತು, ಬೆಳಕಿನ ಹಿಂದೆಯೇ ನೀರು. ತೊಲೆ 'ಕಟ್' ಎಂದಿತು. ಮುದುಕರು ಏಳುವಾಗ ಸೊಂಟ ಅನ್ನುತ್ತದಲ್ಲ, ಹಾಗೆ. ನಾನು ಹೊರಗೆ ಓಡಿದೆ. ನಿಲ್ಲಲು ನೆರಳಿದ್ದದ್ದು ಅವಳ ಅಂಗಡಿ ಒಂದೇ.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಕೊಡೆಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ತೂಗುತ್ತಿದ್ದವು. "ಅಕ್ಕಾ" ಎಂದು ಕೂಗಿದೆ. ಒಳಗಿಂದ ಓ ಎಂದಳು, ಬರಲಿಲ್ಲ. ಗೋಡೆ ಎದ್ದ ಮೇಲೆ ನಾನು ಅವಳ ಅಂಗಡಿಯ ಪರದೆ ದಾಟಿ ಒಳಗೆ ಹೋದವಳೇ ಅಲ್ಲ. ಅವಳೂ ಯಾರನ್ನೂ ಅಲ್ಲಿಂದ ಒಳಕ್ಕೆ ಬಿಡುತ್ತಿರಲಿಲ್ಲ. ಆವತ್ತು ಸರಿಸಿ ಹೋದೆ.

ಅವಳ ನಡುಮನೆಯ ತುಂಬ ನೂಲು. ಮೇಲೆ ಹೆಂಚು ಸೋರುವಲ್ಲೆಲ್ಲ ಅದರ ಕೆಳಗಿನ ರೀಪಿನ ಪಟ್ಟಿಗೆ ಒಂದು ಮೊಳೆ, ಮೊಳೆಗೆ ಕೊಡೆ ಹೊಲಿಯುವ ಗಟ್ಟಿ ನೂಲು, ನೂಲಿನ ಕೆಳತುದಿ ಒಂದು ಪಾತ್ರೆಯೊಳಗೆ. ಮಳೆನೀರು ಹನಿಯದೆ ಆ ನೂಲನ್ನೇ ಹಿಡಿದುಕೊಂಡು, ಬಳುಕುತ್ತ, ಸದ್ದಿಲ್ಲದೆ ಇಳಿದು ಪಾತ್ರೆ ಸೇರುತ್ತಿತ್ತು. ನನ್ನ ಮನೆಯಲ್ಲಿದ್ದದ್ದಕ್ಕಿಂತ ಹೆಚ್ಚು ಪಾತ್ರೆಗಳಿದ್ದವು. ತೊಲೆಯ ಕೆಳಗೆ ಕರೀ ಕೊಡೆಬಟ್ಟೆಗಳನ್ನು ಒಂದಕ್ಕೊಂದು ಹೊಲಿದು ಜೋಲಿಯ ಹಾಗೆ ಕಟ್ಟಿದ್ದಳು. ಜೋಲಿ ನೀರು ತುಂಬಿಕೊಂಡು ಬಸುರಿಯ ಹಾಗೆ ಇಳಿಬಿದ್ದಿತ್ತು. ಅವಳು ಕುರ್ಚಿಯ ಮೇಲೆ ನಿಂತು ಎರಡೂ ಕೈಯಿಂದ ಅದನ್ನು ಎತ್ತಿ ಹಿಡಿದಿದ್ದಳು.

"ನಿಂತು ನೋಡ್ತೀಯಲ್ಲೇ, ಬಕೆಟ್ಟು ಹಿಡಿ!" ಎಂದು ಗದರಿದಳು.

ಹಿಡಿದೆ. ಅವಳು ಜೋಲಿಯ ತುದಿ ಬಿಟ್ಟಳು. ಅರ್ಧ ಬಕೆಟ್ಟಿಗೆ, ಅರ್ಧ ನನ್ನ ತಲೆಗೆ.

"ಎಷ್ಟು ವರ್ಷದಿಂದ ಸೋರ್ತಿದೆ?" ಎಂದು ಕೇಳಿದೆ.

"ಗೋಡೆ ಎದ್ದಾಗಿನಿಂದ."

"ನನಗೆ ಹೇಳ್ಲಿಲ್ಲ?"

"ಯಾಕೆ ಹೇಳ್ಲಿ? ನಿನ್ನ ಕಡೆಯಿಂದ ಒಂದು ಹನಿ ಸದ್ದಿಲ್ಲ. ಎಂಥ ಅದೃಷ್ಟವಂತೆ ಇವಳು, ದೊಡ್ಡ ಅಡುಗೆಮನೇನೂ ಇವಳಿಗೇ, ಸೋರದ ಮಾಡೂ ಇವಳಿಗೇ ಅಂತ ಹೊಟ್ಟೆ ಉರ್ಕೊಂಡು ಕೂತಿದ್ದೆ. ನಿನ್ನ ಮುಂದೆ ಬಂದು ನನ್ನದು ಸೋರ್ತದೆ ಅನ್ಲಾ? ನಿನ್ನ ಬಾಯಲ್ಲಿ 'ಪಾಪ' ಅನ್ನಿಸ್ಕೊಳ್ಳೋದಕ್ಕಿಂತ ನೆನೆಯೋದೇ ವಾಸಿ."

ನಾನು ಪಾತ್ರೆಗಳಲ್ಲಿ ಹಾಸಿದ ಬಟ್ಟೆಯ ವಿಷಯ ಹೇಳಿದೆ. ಅವಳು ಕುರ್ಚಿಯ ಮೇಲೆ ನಿಂತಿದ್ದವಳು ಕೂತೇಬಿಟ್ಟಳು. ಕೂತು ನಗತೊಡಗಿದಳು. ನಕ್ಕೂ ನಕ್ಕೂ ಕೆಮ್ಮು ಬಂತು. ನನಗೂ ನಗು ಬಂತು, ಆದರೆ ಪೂರ್ತಿ ಅಲ್ಲ. ಕಣ್ಣು ಆ ನೂಲುಗಳ ಮೇಲೇ ಇತ್ತು. ಬಟ್ಟೆ ಹಾಸಿದರೆ ದಿನಾ ಹಿಂಡಬೇಕು, ಒಣಗಿಸಬೇಕು, ಮುಗ್ಗಲು ವಾಸನೆ. ನೂಲಿಗೆ ಅದೇನೂ ಇಲ್ಲ. ಒಂದು ಸಲ ಕಟ್ಟಿದರೆ ಆಯಿತು. ಸೋರುವುದರಲ್ಲೂ ಅವಳೇ ಜಾಣೆ. ನನಗೆ ಯಾಕೆ ಹೊಳೆಯಲಿಲ್ಲ?

ಅದೇ ಸಂಜೆ ಬೆಕ್ಕಣ್ಣ ಬಂದು ಮಾಡಿಗೆ ಟಾರ್ಪಾಲು ಹೊದಿಸಿ, ತೊಲೆಗೆ ಎರಡೂ ಕಡೆ ಬಿದಿರಿನ ಊರೆಗೋಲು ಕೊಟ್ಟ. ಮಾರನೆಯ ದಿನ ಮಗಳು ಚೀಲ ಸಮೇತ ಬಂದಳು. ನನ್ನ ಬಟ್ಟೆ ತುಂಬಲು ತಂದ ಖಾಲಿ ಚೀಲ. ಊರೆಗೋಲು ನೋಡಿದಳು, ಟಾರ್ಪಾಲು ನೋಡಿದಳು.

"ದೊಡ್ಡಮ್ಮ, ನೀವಾದ್ರೂ ಹೇಳಿ ಅಮ್ಮನಿಗೆ" ಎಂದು ನನ್ನ ಪಕ್ಕದಲ್ಲೇ ನಿಂತಿದ್ದ ಓರಗಿತ್ತಿಯ ಕಡೆ ತಿರುಗಿದಳು.

"ನಾನೇನು ಹೇಳ್ಲಿ ಮಗಳೇ, ನಿಮ್ಮಮ್ಮ ಹೋದ್ರೆ ನಾನು ಯಾರ ಜೊತೆ ಮಾತು ಬಿಡೋದು?" ಎಂದು ಓರಗಿತ್ತಿ ಅಂದಳು. ಮಗಳು ನಕ್ಕುಬಿಟ್ಟಳು. ನನ್ನ ಮಾತಿಗೆ ಅವಳು ಹಾಗೆ ನಕ್ಕದ್ದು ನಾನು ಕಂಡಿಲ್ಲ.

"ಸರಿ. ಕೆಲಸ ಮುಗಿಯೋವರೆಗೆ ಕಾಯ್ತೀನಿ. ಮುಗಿದ ಮೇಲೆ ನಾನೇ ಬಂದು ನೋಡ್ತೀನಿ. ಗಟ್ಟಿ ಅನ್ನಿಸಿದ್ರೆ ಇರು, ಇಲ್ಲಾಂದ್ರೆ ಚೀಲ ಇಲ್ಲೇ ಇರುತ್ತೆ" ಎಂದು ಮಗಳು ಚೀಲವನ್ನು ಗೂಟಕ್ಕೆ ನೇತುಹಾಕಿ ಹೋದಳು.

ಬೆಕ್ಕಣ್ಣ ಇಬ್ಬರನ್ನೂ ಅಂಗಳದಲ್ಲಿ ಕೂರಿಸಿ ಲೆಕ್ಕಾಚಾರ ಹೇಳಿದ. ಅಷ್ಟುದ್ದದ ಒಂದೇ ಮರ ಈಗ ಎಲ್ಲೂ ಸಿಗುವುದಿಲ್ಲ. ಎರಡು ತೊಲೆ ಹಾಕಬೇಕು, ನಡುವೆ ಕೂಡಿಸಬೇಕು. ಇನ್ನು ಮೇಲೆ ಅವರವರ ತೊಲೆ ಅವರವರಿಗೆ.

ನನಗೆ ಒಳಗೊಳಗೇ ಖುಷಿಯಾಯಿತು. ನನ್ನದೇ ತೊಲೆ! ಆದರೆ ಅವನು ಮುಂದುವರಿಸಿದ. "ಎರಡು ತೊಲೆ ಸೇರೋ ಜಾಗದಲ್ಲಿ ಕೆಳಗೆ ಏನಾದ್ರೂ ಇರ್ಬೇಕಲ್ಲ. ಈ ಗೋಡೆ ಮೇಲೆ ಕೂರ್ಸೋಕಾಗಲ್ಲ. ಪಾಯವೇ ಇಲ್ಲ ಇದಕ್ಕೆ. ಯಾವ ಪುಣ್ಯಾತ್ಮ ಕಟ್ಟಿದ್ದು?"

"ಇಬ್ಬರು ಪುಣ್ಯಾತ್ಮರು" ಎಂದಳು ಓರಗಿತ್ತಿ.

"ಕಂಬ ಬೇಕು. ಗೋಡೆ ಬುಡದಲ್ಲಿ ಗುಂಡಿ ತೆಗೆದ್ರೆ ಗೋಡೆ ಕೂತ್ಕೊಳ್ಳುತ್ತೆ. ಅದಕ್ಕೇ ಸ್ವಲ್ಪ ಈಚೆಗೆ, ಯಾರದಾದ್ರೂ ಒಬ್ಬರ ನಡುಮನೆಯಲ್ಲಿ ಕಂಬ ನಿಲ್ಲಿಸ್ಬೇಕು. ಜಾಗ ಹೋಗುತ್ತೆ, ಸುಳ್ಳು ಹೇಳಲ್ಲ. ಮನೆ ನಡುವೆ ಒಬ್ಬ ಆಳು ನಿಂತ ಹಾಗೆ."

ನನ್ನ ನಡುಮನೆಯಲ್ಲಿ ಮಂಚ, ಬೀರು, ಊಟದ ಜಾಗ ಎಲ್ಲ ಅಷ್ಟರಲ್ಲೇ. ಕಂಬ ಬೇಡವೇ ಬೇಡ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳು, "ನನ್ನ ಕಡೆ ನಿಲ್ಸಪ್ಪ. ಅವಳಿಗೆ ಯಾಕೆ ತೊಂದರೆ" ಎಂದುಬಿಟ್ಟಳು.

ಅಷ್ಟೇ ಸಾಕಾಯಿತು. ಬೆಕ್ಕಣ್ಣನ ಮುಖ ಅರಳಿತು. "ಕೊಡೆಯಕ್ಕ ಅಂದ್ರೆ ಕೊಡೆಯಕ್ಕನೇ" ಎಂದ. ಏಣಿ ಹಿಡಿದು ನಿಂತಿದ್ದ ಅವನ ಜೊತೆಗಾರ ತಲೆಯಾಡಿಸಿದ. ನಾಳೆ ಬೀದಿಯಲ್ಲೆಲ್ಲ ಇದೇ ಮಾತು. ನನ್ನ ತೊಲೆಯ ತುದಿ ಜೀವ ಇರುವವರೆಗೂ ಅವಳ ಕಂಬದ ಮೇಲೆ. ಮಲಗಿದರೆ ಕಣ್ಣೆದುರಿಗೆ ಆ ತೊಲೆಯೇ.

"ಯಾರು ಹೇಳಿದ್ದು ತೊಂದರೆ ಅಂತ?" ಎಂದೆ. "ಕಂಬ ನನ್ನ ಕಡೆಗೇ ಇರ್ಲಿ."

"ಬೇಡ್ವೇ, ನಿನ್ನ ಬೀರು ಅಲ್ಲೇ ಇದೆ. ಬಾಗಿಲು ತೆಗೆಯೋಕಾಗಲ್ಲ."

"ನನ್ನ ಬೀರು, ನನ್ನ ಬಾಗಿಲು. ನಿನಗ್ಯಾಕೆ?"

"ನಾನು ದೊಡ್ಡವಳು. ನಾನು ಕೊಡ್ಬೇಕು."

"ದೊಡ್ಡವಳಾಗಿ ಇಷ್ಟು ವರ್ಷ ಕೊಟ್ಟಿದ್ದು ಸಾಕು. ಈ ಸಲ ಚಿಕ್ಕವಳು ಕೊಡ್ತಾಳೆ."

"ಹಟಮಾರಿ."

"ನೀನು ಹೊಗಳಿಕೆ ಹೊಟ್ಟೆಬಾಕಿ."

ಬೆಕ್ಕಣ್ಣ ತಲೆ ಮೇಲೆ ಕೈ ಹೊತ್ತು ಕೂತ. "ನಾನೆಷ್ಟೋ ಮನೆಗಳಲ್ಲಿ ಜಾಗ ಕಿತ್ಕೊಳ್ಳೋಕೆ ಹೊಡೆದಾಡೋದು ನೋಡಿದ್ದೀನಿ. ಕೊಡೋಕೆ ಹೊಡೆದಾಡೋದು ಇದೇ ಮೊದಲು. ಮಳೆ ಬರ್ತಿದೆ, ಬೇಗ ಹೇಳಿ" ಎಂದ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, ನನಗೆ ಇವತ್ತಿಗೂ ಯಾಕೆಂದು ಗೊತ್ತಿಲ್ಲ, ಕಣ್ಣು ಕೆಳಗೆ ಹಾಕಿ, "ಅವಳು ಹೇಳಿದ ಹಾಗೇ ಮಾಡು" ಎಂದಳು. ಗೆದ್ದೆ. ಸೊಸೆಯಾಗಿ ಬಂದ ದಿನದಿಂದ ಅವಳ ಮುಂದೆ ಮೊದಲನೇ ಸಲ ಗೆದ್ದೆ.

ಕೆಲಸ ನಡೆದಷ್ಟು ದಿನ ಸಾಮಾನೆಲ್ಲ ಮುಂದಿನ ಕೋಣೆಗಳಲ್ಲಿ ರಾಶಿ. ಹೆಂಚೆಲ್ಲ ಇಳಿಸಿ, ತೊಲೆ ಇಳಿಸಿದರು. ಕೊಳೆತ ಭಾಗ ಅಂಗಳಕ್ಕೆ ಬಿದ್ದದ್ದೇ ಒದ್ದೆ ರದ್ದಿಯ ಹಾಗೆ ಚಲ್ಲಾಪಿಲ್ಲಿಯಾಯಿತು. ಅದರ ಒಳಗೆ ಗೆದ್ದಲು ಊರು ಕಟ್ಟಿಕೊಂಡಿತ್ತು. ನನ್ನ ನಡುಮನೆಯ ನೆಲ ಅಗೆದು, ಕಬ್ಬಿಣ ಕಟ್ಟಿ, ಕಾಂಕ್ರೀಟು ಸುರಿದರು. ಕಂಬ ಎದ್ದಿತು. ಚೌಕದ್ದು, ಅಂದಗೇಡಿ, ದಪ್ಪ. ಅದು ಗಟ್ಟಿಯಾದ ಮೇಲೆ ಎರಡು ಹೊಸ ತೊಲೆ ಬಂದು ಅದರ ತಲೆಯ ಮೇಲೆ ಕೂತವು. ಹೆಂಚು ಹೊದಿಸುತ್ತ ಹೊದಿಸುತ್ತ ಗೋಡೆಯ ಮೇಲಿನ ಸಾಲಿಗೆ ಬಂದಾಗ ಬೆಕ್ಕಣ್ಣ ಮೇಲಿನಿಂದ ಕೂಗಿದ. "ಅಮ್ಮಂದಿರಾ, ಈ ಸಾಲು ಯಾರದ್ದು?"

"ನಂದು!" ಎಂದೆವು ಇಬ್ಬರೂ, ಗೋಡೆಯ ಈಚೆ ಒಬ್ಬಳು, ಆಚೆ ಒಬ್ಬಳು. ಅವನು ಮತ್ತೆ ಕೇಳಲಿಲ್ಲ. ಹೊದಿಸಿದ.

ಮಗಳು ಬಂದು ನೋಡಿದಳು. ಮಳೆ ಸುರಿಯುತ್ತಿತ್ತು. ನಡುಮನೆಯಲ್ಲಿ ಕತ್ತೆತ್ತಿ ಬಹಳ ಹೊತ್ತು ನಿಂತಳು. ನೆಲ ಮುಟ್ಟಿ ನೋಡಿದಳು. ಕಂಬಕ್ಕೆ ಎರಡು ಕೈ ಕೊಟ್ಟು ನೂಕಿದಳು, ರೋಗಿಯನ್ನು ಪರೀಕ್ಷೆ ಮಾಡಿದ ಹಾಗೆ. ಆಮೇಲೆ ಗೂಟದಿಂದ ಖಾಲಿ ಚೀಲ ತೆಗೆದು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

"ಇರಮ್ಮ, ಇಲ್ಲೇ ಇರು" ಎಂದಳು. ಹೋಗುವಾಗ ಮಾತ್ರ, "ಆದ್ರೆ ಈ ಕಂಬ ಇಷ್ಟು ಅಡ್ಡ ಇದೆಯಲ್ಲ, ದೊಡ್ಡಮ್ಮನ ಕಡೆ ನಿಲ್ಸೋಕೆ ಆಗ್ತಿರ್ಲಿಲ್ವಾ?" ಎಂದು ಕೇಳಿದಳು.

ಅಡ್ಡ ಇರುವುದು ನಿಜ. ಬೀರುವಿನ ಒಂದು ಬಾಗಿಲು ಅರ್ಧಕ್ಕೇ ತೆರೆಯುತ್ತದೆ. ಒಳಗಿನ ಸೀರೆಗಳನ್ನು ಕಳ್ಳಿಯ ಹಾಗೆ ಕೈ ತೂರಿಸಿ ಎಳೆದುಕೊಳ್ಳಬೇಕು. ಬೆಳಿಗ್ಗೆ ಎದ್ದವಳು ನಿದ್ದೆಗಣ್ಣಲ್ಲಿ ಅದಕ್ಕೆ ಭುಜ ಬಡಿಸಿಕೊಳ್ಳುತ್ತೇನೆ. ಹೋಗಲಿ, ಕೊಟ್ಟವಳು ನಾನು ಎಂಬ ಹೆಸರಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಅದೂ ನಿಲ್ಲಲಿಲ್ಲ. ಕೊಡೆ ತಂದವರನ್ನೆಲ್ಲ ಅವಳು ನನ್ನ ಮನೆಗೆ ಕರೆದುಕೊಂಡು ಬರುತ್ತಾಳೆ. "ನೋಡಿ, ನನ್ನ ತಂಗಿ ಕೊಟ್ಟ ಜಾಗ. ನಾನು ಎಷ್ಟು ಬೇಡ ಅಂದ್ರೂ ಕೇಳ್ಲಿಲ್ಲ" ಎಂದು ಕಂಬವನ್ನು ತಟ್ಟಿ ತೋರಿಸುತ್ತಾಳೆ. ಬ್ಯಾಂಕಿನ ಗುಮಾಸ್ತ, ಮೇಷ್ಟ್ರು, ಪೋಸ್ಟಿನವನು ಕಂಬ ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಆಮೇಲೆ ಅವಳ ಕಡೆ ತಿರುಗಿ, "ಕೊಡೆಯಕ್ಕ, ಓರಗಿತ್ತೀನ ಇಷ್ಟು ಬಾಯ್ತುಂಬ ಹೊಗಳೋರನ್ನ ನಾವು ಕಂಡಿಲ್ಲ. ನಿಮ್ಮದು ದೊಡ್ಡ ಮನಸ್ಸು" ಎನ್ನುತ್ತಾರೆ.

ಇನ್ನೊಂದು ಅಭ್ಯಾಸ ಬೇರೆ ಮಾಡಿಕೊಂಡಿದ್ದಾಳೆ. ದಿನವೆಲ್ಲ ಸ್ಟೂಲಿನ ಮೇಲೆ ಬಗ್ಗಿ ಕೂತು ಅವಳ ಬೆನ್ನು ಹಿಡಿದುಕೊಳ್ಳುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಬಂದು, ನನ್ನ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, "ಹಾ" ಎಂದು ಕಣ್ಣು ಮುಚ್ಚುತ್ತಾಳೆ. ತಣ್ಣಗಿರುತ್ತದಂತೆ. ಕಂಬಕ್ಕೆ ಜಾಗ ಕೊಟ್ಟವಳು ನಾನು, ಒರಗುವವಳು ಅವಳು! ಕೆಲವು ದಿನ ಸಹಿಸಿದೆ. ಆಮೇಲೆ ಬೇಗ ಬೇಗ ಉಂಡು, ಅವಳು ಬರುವ ಮೊದಲೇ ಹೋಗಿ ಅದೇ ಜಾಗದಲ್ಲಿ, ಬಾಗಿಲಿಗೆ ಎದುರಾಗಿ, ಕಂಬಕ್ಕೆ ಒರಗಿ ಕೂತೆ.

ಬಂದಳು. ನೋಡಿದಳು. "ಸ್ವಲ್ಪ ಸರಿಯೇ" ಎಂದಳು. ನಾನು ಸರಿಯಲಿಲ್ಲ. ಅವಳು ಸುತ್ತು ಹಾಕಿ ಕಂಬದ ಆ ಮಗ್ಗುಲಿಗೆ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಇಷ್ಟು ಬೇಗ ನಿದ್ದೆ ಹೇಗೆ ಬಂತು ಎಂದು ಕತ್ತು ಚಾಚಿ ನೋಡಿದೆ. ಕಿಟಕಿಯ ಗಾಳಿಯೆಲ್ಲ ಆ ಮಗ್ಗುಲಿಗೇ ಬೀಸುತ್ತಿತ್ತು.